ಗರಿಹೂವನ್ನು ತೊಳೆಯುವ ಮೊದಲು

ಖಾಲಿ ಕೈ, ಖಾಲಿ ಕರವಸ್ತ್ರ, ಕಣ್ಣುಮಿಟುಕಿಸುವಷ್ಟರಲ್ಲಿ ತೋಳುದ್ದದ ಹೂಗೊಂಚಲು. ಜಾದೂ ವೇದಿಕೆಯಲ್ಲಿ ಇದನ್ನು ಕಂಡವರು ಆ ಹೂಗಳು ಬಟ್ಟೆಯವೋ ಕಾಗದದವೋ ಇರಬೇಕು ಎಂದುಕೊಳ್ಳುವುದು ಸಹಜ. ಆದರೆ ಇಪ್ಪತ್ತನೇ ಶತಮಾನದ ರಂಗಜಾದೂವಿನಲ್ಲಿ ಬಳಕೆಯಾದ ದೊಡ್ಡ ಗೊಂಚಲುಗಳಲ್ಲಿ ಅನೇಕವು ಹಕ್ಕಿಯ ಗರಿಗೆ ಬಣ್ಣ ಕಟ್ಟಿ, ತಂತಿಯ ದಂಟಿಗೆ ಒಂದೊಂದಾಗಿ ದಾರ ಸುತ್ತಿ ಮಾಡಿದವು. ಅಂಥ ಹೂಗಳು ಈಗ ಹಿರಿಯ ಜಾದೂಗಾರರ ಟ್ರಂಕುಗಳಿಂದ, ಮುಚ್ಚಿಹೋದ ಕಂಪನಿಗಳ ಸಾಮಾನಿನಿಂದ, ಹಳೆಯ ವಸ್ತುಗಳ ಹರಾಜಿನಿಂದ ಹೊಸಬರ ಕೈಗೆ ಬರುತ್ತಿವೆ. ಬಂದ ಕೂಡಲೇ ನಡೆಯುವುದು ಸಾಮಾನ್ಯವಾಗಿ ಒಂದೇ ಕೆಲಸ: ಧೂಳು ಕೊಡವುವುದು, ಸೋಪುನೀರಿನಲ್ಲಿ ಅದ್ದುವುದು, ಬಿಸಿಲಿಗೆ ಹರವುವುದು. ಒಂದು ಮಧ್ಯಾಹ್ನದ ಈ ಉತ್ಸಾಹದಲ್ಲಿ ಹೂವಿನ ಆಯುಸ್ಸೂ ಕಡಿಮೆಯಾಗುತ್ತದೆ, ಅದು ಯಾವುದು, ಯಾವ ಕಾಲದ್ದು ಎಂದು ತಿಳಿಯುವ ದಾರಿಯೂ ಮುಚ್ಚುತ್ತದೆ. ಗರಿಹೂವನ್ನು ಗುರುತಿಸುವುದು ಬೇರೆ, ಕಾಪಾಡುವುದು ಬೇರೆ ಎಂದು ನಾವು ಭಾವಿಸಿರುವುದೇ ಇದಕ್ಕೆ ಕಾರಣ. ನಿಜದಲ್ಲಿ ಎರಡೂ ಒಂದೇ ಕೆಲಸ. ಯಾವ ಗರಿ, ಯಾವ ಬಣ್ಣ, ಯಾವ ದಂಟು ಎಂದು ತಿಳಿಯದವರಿಗೆ ಅದನ್ನು ಹೇಗೆ ಇಡಬೇಕೆಂದೂ ತಿಳಿಯುವುದಿಲ್ಲ.

ಜಾದೂಗೆ ಗರಿಯೇ ಏಕೆ ಬೇಕಾಯಿತು ಎಂಬಲ್ಲಿಂದ ಹೊರಡೋಣ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನ ಬುವಾತಿಯೇ ದ ಕೋಲ್ತಾ ಕಾಗದದ ಪೊಟ್ಟಣದಿಂದ ರಾಶಿ ರಾಶಿ ಹೂ ಸುರಿಸಿ ಹೆಸರಾದ. ಅವು ತೆಳುಕಾಗದದ ಹೂಗಳು. ಒಳಗೆ ಪುಟ್ಟ ಲೋಹದ ಸ್ಪ್ರಿಂಗು. ಚಿಕ್ಕ ಹೂವಿಗೆ ಆ ಉಪಾಯ ಸಾಕು. ಅಂಗೈಯಗಲದ ಡೇರೆ ಹೂವಿನಂಥದ್ದು ಬೇಕೆಂದರೆ ಕಾಗದ ನಲುಗುತ್ತದೆ, ಲೋಹ ಭಾರವಾಗುತ್ತದೆ. ಗರಿಗೆ ಈ ಎರಡು ತೊಂದರೆಯೂ ಇಲ್ಲ, ಏಕೆಂದರೆ ಗರಿಯೇ ಸ್ಪ್ರಿಂಗು. ನಡುವಿನ ದಿಂಡು ಹಗುರ, ಬಾಗಿಸಿದರೆ ಮತ್ತೆ ನೆಟ್ಟಗಾಗುತ್ತದೆ. ದಿಂಡಿನ ಎರಡೂ ಪಕ್ಕಕ್ಕೆ ಎಳೆಗಳು, ಆ ಎಳೆಗಳಿಂದ ಇನ್ನೂ ಸಣ್ಣ ಎಳೆಗಳು, ಅವುಗಳ ತುದಿಯಲ್ಲಿ ಬರಿಗಣ್ಣಿಗೆ ಕಾಣದ ಕೊಕ್ಕೆಗಳು. ಒಂದು ಎಳೆಯ ಕೊಕ್ಕೆ ಪಕ್ಕದ ಎಳೆಯನ್ನು ಹಿಡಿದುಕೊಂಡಿರುವುದರಿಂದಲೇ ಗರಿ ಒಂದು ಹಾಳೆಯಂತೆ ಕಾಣುತ್ತದೆ. ಬಿಚ್ಚಿಹೋದ ಎಳೆಗಳನ್ನು ಬುಡದಿಂದ ತುದಿಯ ಕಡೆಗೆ ಎರಡು ಬೆರಳ ನಡುವೆ ಮೆಲ್ಲಗೆ ಸವರಿದರೆ ಮತ್ತೆ ಕೂಡಿಕೊಳ್ಳುತ್ತವೆ. ಹಕ್ಕಿ ತನ್ನ ಕೊಕ್ಕಿನಿಂದ ದಿನವೂ ಮಾಡುವುದು ಇದನ್ನೇ. ಎಷ್ಟು ಒತ್ತಿದರೂ ಬಿಟ್ಟೊಡನೆ ಅರಳುವ ಈ ಗುಣವನ್ನು ಜಾದೂ ತನ್ನದಾಗಿಸಿಕೊಂಡಿತು. ಬೆರಗಿನ ಮುಕ್ಕಾಲು ಪಾಲು ಹಕ್ಕಿಯದು ಎಂದರೆ ಜಾದೂಗಾರರು ಬೇಸರಪಡಬೇಕಾಗಿಲ್ಲ, ಉಳಿದ ಕಾಲು ಪಾಲಿಗೆ ವರ್ಷಗಟ್ಟಲೆ ಸಾಧನೆ ಬೇಕು.

ಆರೈಕೆಯ ಮೊದಲ ಸೂತ್ರ ಈ ರಚನೆಯಿಂದಲೇ ಹೊರಡುತ್ತದೆ. ಯಾವ ಸ್ಪ್ರಿಂಗನ್ನೂ ಒತ್ತಿ ಇಟ್ಟೇ ಬಿಟ್ಟರೆ ಅದು ಸೋಲುತ್ತದೆ. ಆಟ ಮುಗಿದ ಮೇಲೆ ನಾಳೆಯ ಪ್ರದರ್ಶನಕ್ಕೆ ಸಿದ್ಧವಿರಲಿ ಎಂದು ಹೂಗಳನ್ನು ಒತ್ತಿಯೇ ಇಡುವುದು ಬಹಳ ಕಡೆ ಇರುವ ರೂಢಿ. ಗರಿಹೂವನ್ನು ಬೇಗ ಹಾಳುಮಾಡುವ ರೂಢಿಯೂ ಅದೇ. ಒತ್ತಡದ ಜೊತೆಗೆ ಬೆವರಿನ ತೇವವೂ ಸೇರಿದಾಗ ಗರಿ ಬಾಗಿದ ಆಕಾರವನ್ನೇ ತನ್ನ ಆಕಾರವೆಂದು ಒಪ್ಪಿಕೊಳ್ಳುತ್ತದೆ. ಗರಿ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದದ್ದು. ನಮ್ಮ ಕೂದಲು, ಉಗುರು, ದನದ ಕೊಂಬು ಎಲ್ಲವೂ ಆ ಕುಲದವೇ. ತೇವ ಮತ್ತು ಬಿಸಿ ತಗಲಿದಾಗ ಇದರ ಒಳಗಿನ ದುರ್ಬಲ ಕೊಂಡಿಗಳು ಸಡಿಲವಾಗಿ, ಆರುವಾಗ ಆಗಿರುವ ಆಕಾರದಲ್ಲೇ ಮತ್ತೆ ಕೂಡುತ್ತವೆ. ಒದ್ದೆ ತಲೆಗೂದಲನ್ನು ಸುತ್ತಿ ಒಣಗಿಸಿದರೆ ಗುಂಗುರಾಗುವುದು ಹೀಗೆಯೇ. ಹಾಳಾಗುವ ಕಾರಣವೇ ಇಲ್ಲಿ ಚಿಕಿತ್ಸೆಯೂ ಹೌದು. ಕುದಿಯುವ ನೀರಿನ ಹಬೆಯ ಮೇಲೆ, ಸುಮಾರು ಒಂದು ಗೇಣು ಎತ್ತರದಲ್ಲಿ ಹೂವನ್ನು ಕೆಲವೇ ಕ್ಷಣ ತಿರುಗಿಸುತ್ತಾ ಹಿಡಿದು, ದಂಟು ಹಿಡಿದು ಹಗುರವಾಗಿ ಕೊಡವಿ, ತಲೆಕೆಳಗಾಗಿ ನೇತುಹಾಕಿ ಒಂದು ಇಡೀ ದಿನ ನೆರಳಲ್ಲಿ ಆರಿಸಿದರೆ ಬಾಗಿದ ಗರಿಗಳಲ್ಲಿ ಹೆಚ್ಚಿನವು ಎದ್ದು ನಿಲ್ಲುತ್ತವೆ. ನೀರಿನ ಹನಿ ಬೀಳಬಾರದು. ಪೂರ್ತಿ ಆರುವ ಮೊದಲು ಪೆಟ್ಟಿಗೆಗೆ ಸೇರಿಸಬಾರದು. ದಿಂಡು ಮುರಿದಿದ್ದರೆ ಮಾತ್ರ ಹಬೆಯಿಂದ ಪ್ರಯೋಜನವಿಲ್ಲ. ಅದು ಮೂಳೆ ಮುರಿದಂತೆ, ನೀವಿದರೆ ಕೂಡದು.

ಆದರೆ ಹಬೆಗೆ ಒಡ್ಡುವ ಮುಂಚೆ ಗೊತ್ತಿರಬೇಕಾದ ಸಂಗತಿಗಳಿವೆ. ಗುರುತಿಸುವಿಕೆ ಇಲ್ಲಿ ಅನಿವಾರ್ಯವಾಗುತ್ತದೆ. ಎಲ್ಲಕ್ಕಿಂತ ಮೊದಲು, ಅದು ಗರಿಯೇ ಹೌದೇ? ಭೂತಗನ್ನಡಿಯಲ್ಲಿ ನಡುದಿಂಡು ಮತ್ತು ಎಳೆ ಕಂಡರೆ ಗರಿ. ಆದರೂ ಸಂಶಯವಿದ್ದರೆ, ತಾನಾಗಿ ಉದುರಿದ ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು ಸುಡಬೇಕು. ಕೂದಲು ಸುಟ್ಟ ವಾಸನೆ ಬಂದು ಪುಡಿಯಾದರೆ ಅದು ಗರಿ, ಕರಗಿ ಗಟ್ಟಿ ಮಣಿಯಾದರೆ ಕೃತಕ ನೂಲು. ಆಮೇಲೆ ಹಕ್ಕಿ ಯಾವುದೆಂದು ನೋಡಬೇಕು. ಜಾದೂ ಹೂಗಳಲ್ಲಿ ಹೆಚ್ಚಾಗಿ ಕಾಣುವುದು ಸಾಕಿದ ಹಕ್ಕಿಗಳ ಗರಿ: ಟರ್ಕಿ ಕೋಳಿ, ಹೆಬ್ಬಾತು, ಹುಂಜ. ಟರ್ಕಿಯ ಮೈಗರಿ ಅಗಲ, ತುದಿ ಮೊಂಡು, ಬುಡದಲ್ಲಿ ಹತ್ತಿಯಂಥ ತುಪ್ಪುಳ. ಹೆಬ್ಬಾತಿನದು ಬಿಗಿ, ಬಟ್ಟಲಿನಂತೆ ತುಸು ಒಳಬಾಗಿರುವಂಥದ್ದು, ಗುಲಾಬಿಯ ಎಸಳಿಗೆ ಹೇಳಿ ಮಾಡಿಸಿದ್ದು. ಹುಂಜದ ಕತ್ತು ಮತ್ತು ಬೆನ್ನಿನ ಗರಿ ಕಿರಿದು, ಚೂಪು, ಮೇಲೆ ಎಣ್ಣೆ ಸವರಿದಂಥ ಹೊಳಪು. ಸೇವಂತಿಗೆಯ ಎಸಳಿನಂತೆ ಕೆದರಿ ನಿಲ್ಲುವ ಹೂಗಳಿಗೆ ಇದು ಒಪ್ಪುತ್ತದೆ. ಮರಬೂ ಎಂಬ ಹೆಸರಿನ ನಯವಾದ ತುಪ್ಪುಳವೂ ಕೆಲವು ಹೂಗಳ ನಡುವೆ ಇರುತ್ತದೆ. ಆ ಹೆಸರು ಆಫ್ರಿಕಾದ ಒಂದು ಕೊಕ್ಕರೆಯದು, ಇವತ್ತು ಆ ಹೆಸರಲ್ಲಿ ಮಾರುವ ಸರಕು ಟರ್ಕಿಯ ಒಳತುಪ್ಪುಳ. ಈ ಭೇದ ಬರೀ ಕುತೂಹಲದ್ದಲ್ಲ. ತುಪ್ಪುಳದಲ್ಲಿ ಕೊಕ್ಕೆಗಳಿಲ್ಲ, ಹಾಗಾಗಿ ಬೆರಳಿನಿಂದ ಸವರಿದರೆ ಅದು ಕೂಡಿಕೊಳ್ಳುವುದಿಲ್ಲ, ಜಡೆಗಟ್ಟುತ್ತದೆ; ಅದಕ್ಕೆ ತಣ್ಣನೆಯ ಗಾಳಿ ಸಾಕು. ಹುಂಜದ ಗರಿಯನ್ನು ಹೆಚ್ಚು ಹೊತ್ತು ಹಬೆಗೆ ಹಿಡಿದರೆ ಹೊಳಪು ಮಂಕಾಗುತ್ತದೆ. ಒಂದೇ ಗೊಂಚಲಿನಲ್ಲಿ ಮೂರು ಬಗೆಯ ಗರಿ ಇದ್ದರೆ ಮೂರು ಬಗೆಯ ಆರೈಕೆ ಬೇಕು.

ಬಣ್ಣದ್ದು ಇನ್ನೊಂದು ಪರೀಕ್ಷೆ. ನೀರಿನಲ್ಲಿ ತೇವ ಮಾಡಿ ಹಿಂಡಿದ ಬಿಳಿ ಹತ್ತಿಯನ್ನು ಹೂವಿನ ಹಿಂಬದಿಯ ಒಂದು ಗರಿಗೆ ಒತ್ತಿ ನೋಡಿ. ಹತ್ತಿಗೆ ಬಣ್ಣ ಹತ್ತಿತೆಂದರೆ ಆ ಹೂವಿಗೆ ನೀರೂ ಬೇಡ, ಹಬೆಯೂ ಬೇಡ. ಕೆಂಪು ಇಳಿದು ಪಕ್ಕದ ಬಿಳಿಯನ್ನು ಸೇರಿದ ಮೇಲೆ ಅದನ್ನು ಹಿಂದಕ್ಕೆ ತರುವ ವಿದ್ಯೆ ಮನೆಯಲ್ಲಿ ಯಾರಿಗೂ ಇಲ್ಲ. ಬಿಸಿಲಿನಲ್ಲಿ ಮಾಸಿದ ಬಣ್ಣವೂ ಮರಳಿ ಬರುವುದಿಲ್ಲ. ಹಸಿರು ಎಲೆಗಳ ವಿಷಯದಲ್ಲಿ ಬೇರೆಯದೇ ಎಚ್ಚರ ಬೇಕು. ಹತ್ತೊಂಬತ್ತನೇ ಶತಮಾನದ ಯುರೋಪಿನಲ್ಲಿ ಕೃತಕ ಹೂಗಳ ಎಲೆಗೆ ಬಳಿಯುತ್ತಿದ್ದ ಕಣ್ಣು ಕೋರೈಸುವ ಹಸಿರಿನಲ್ಲಿ ಪಾಷಾಣ, ಅಂದರೆ ಆರ್ಸೆನಿಕ್, ಇರುತ್ತಿತ್ತು. 1861ರ ನವೆಂಬರಿನಲ್ಲಿ ಲಂಡನ್ನಿನ ಮಟಿಲ್ಡಾ ಶೂರರ್ ಎಂಬ 19ರ ಹುಡುಗಿ ತೀರಿಕೊಂಡದ್ದು ಇಂಥ ಎಲೆಗಳಿಗೆ ಹಸಿರು ಪುಡಿ ಉದುರಿಸುವ ಕೂಲಿ ಮಾಡಿ. ಜಾದೂ ಸಾಮಾನಿನಲ್ಲಿ ಇಂದು ಸಿಗುವುದರಲ್ಲಿ ಹೆಚ್ಚಿನವು ಆ ಕಾಲದ ನಂತರದವು ಎಂಬುದು ನಿಜ. ಆದರೂ ಹಳೆಯ ಎಲೆಗಳನ್ನು ಸೇರಿಸಿ ಹೊಸ ಗೊಂಚಲು ಕಟ್ಟುವ ಪದ್ಧತಿ ಇದ್ದೇ ಇರುವುದರಿಂದ, ವಯಸ್ಸು ತಿಳಿಯದ ಎಲೆಯಿಂದ ಹಸಿರು ಪುಡಿ ಉದುರುತ್ತಿದ್ದರೆ ಕೈಗವಸು ಹಾಕಿ, ಮೂಗಿಗೆ ಮಾಸ್ಕ್ ಕಟ್ಟಿ, ಚೀಲದಲ್ಲಿ ಮುಚ್ಚಿಡಿ. ಮಕ್ಕಳ ಕೈಗೆ ಕೊಡಬೇಡಿ. ಗುರುತು ಹಿಡಿಯದೆ ತೊಳೆಯಬಾರದು ಎನ್ನಲು ಇದಕ್ಕಿಂತ ಗಟ್ಟಿ ಕಾರಣ ಬೇಕಿಲ್ಲ.

ಕಾಲ ಮತ್ತು ಕೈಯನ್ನು ಗುರುತಿಸುವ ಕೆಲಸದಲ್ಲಿ ಗರಿಗಿಂತ ದಂಟೇ ಹೆಚ್ಚು ಮಾತಾಡುತ್ತದೆ. ಗರಿ ಎಲ್ಲ ಕಾಲದಲ್ಲೂ ಗರಿಯೇ, ದಂಟಿನ ಸಾಮಗ್ರಿ ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಗಿದೆ. ತಂತಿ ಕಬ್ಬಿಣದ್ದೇ, ತಾಮ್ರದ್ದೇ, ಅದರ ಮೇಲಿನ ಸುತ್ತು ರೇಷ್ಮೆಯೇ, ಹತ್ತಿಯೇ, ಮೇಣದ ಕಾಗದವೇ, ಪ್ಲಾಸ್ಟಿಕ್ಕೇ ಎಂದು ನೋಡಿ. ನೈಲಾನ್ ಜಗತ್ತಿಗೆ ಪರಿಚಯವಾದದ್ದು 1938ರಲ್ಲಿ. ಹಾಗಾಗಿ ನೈಲಾನ್ ದಾರದಲ್ಲಿ ಕಟ್ಟಿದ ಹೂ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ, ಮಾರುವವರು ಏನೇ ಹೇಳಲಿ. ನೋಟು ಪರೀಕ್ಷಿಸುವ ನೇರಳಾತೀತ ಟಾರ್ಚನ್ನು ಕತ್ತಲ ಕೋಣೆಯಲ್ಲಿ ದಂಟಿನ ಮೇಲೆ ಬಿಟ್ಟಾಗ ದಾರವೋ ಕಾಗದವೋ ಕಣ್ಣು ಕುಕ್ಕುವ ನೀಲಿಬಿಳುಪಾಗಿ ಉರಿದರೆ, ಬಟ್ಟೆ ಬೆಳ್ಳಗೆ ಕಾಣಲು ಸೇರಿಸುವ ಹೊಳಪಿನ ರಾಸಾಯನಿಕ ಅದರಲ್ಲಿದೆ. ಅದು ವ್ಯಾಪಕವಾಗಿ ಬಳಕೆಗೆ ಬಂದದ್ದು ಇಪ್ಪತ್ತನೇ ಶತಮಾನದ ನಡುಭಾಗದಿಂದ. ಈ ಪರೀಕ್ಷೆಯನ್ನು ಗರಿಯ ಮೇಲೆ ಮಾಡಿ ತೀರ್ಪು ಕೊಡಬೇಡಿ, ಬಿಳಿ ಗರಿ ತನ್ನ ಸ್ವಭಾವದಿಂದಲೇ ಸ್ವಲ್ಪ ಹೊಳೆಯುತ್ತದೆ. ಬಂದೂಕಿನಿಂದ ಸುರಿದ ಬಿಸಿ ಅಂಟಿನ ಪಾರದರ್ಶಕ ಜೇಡನೂಲು ಕಂಡರೆ ಅದು ಈಚಿನ ದುರಸ್ತಿ. ದುರಸ್ತಿಯ ಅಂಟು ಒಂದು ಕಾಲದ್ದು, ಹೂ ಇನ್ನೊಂದು ಕಾಲದ್ದು ಆಗಿರಬಹುದು ಎಂಬುದನ್ನು ಮರೆಯಬಾರದು. ಒಂದು ಸಾಕ್ಷ್ಯದಿಂದ ತೀರ್ಮಾನಕ್ಕೆ ಹಾರದೆ ಮೂರು ನಾಲ್ಕು ಸಾಕ್ಷ್ಯ ಒಂದೇ ಕಡೆಗೆ ಬೆರಳು ತೋರಿಸುವವರೆಗೆ ಕಾಯಬೇಕು.

ಇಂಥ ಹೂಗಳ ಮೇಲೆ ಮಾಡಿದವರ ಹೆಸರು ಇರುವುದು ಅಪರೂಪ. ಎಸಳಿನ ಮೇಲೆ ಮುದ್ರೆ ಒತ್ತಲಾಗದು, ದಂಟಿಗೆ ಕಟ್ಟಿದ ಚೀಟಿ ಮೊದಲ ಪ್ರದರ್ಶನಕ್ಕೇ ಹರಿದುಹೋಗುತ್ತದೆ. ಅಮೆರಿಕದಲ್ಲಿ ಓಹಾಯೋ ರಾಜ್ಯದ ಏಕ್ರನ್ ಊರಿನ ಹೋರೇಸ್ ಮಾರ್ಷಲ್ ಗರಿಹೂಗಳಿಗೆ ಹೆಸರಾಗಿದ್ದ. ಮಿಶಿಗನ್ನಿನ ಕೊಲೋನ್ ಎಂಬ ಪುಟ್ಟ ಊರು ಜಾದೂಗಾರ ಹ್ಯಾರಿ ಬ್ಲ್ಯಾಕ್‌ಸ್ಟೋನ್ ನೆಲೆಸಿದ್ದ ಊರು; ಅಲ್ಲಿ 1934ರಲ್ಲಿ ಪರ್ಸಿ ಆಬಟ್ ಮತ್ತು ರೆಸಿಲ್ ಬೋರ್ಡ್ನರ್ ಸ್ಥಾಪಿಸಿದ ಆಬಟ್ ಕಂಪನಿ ಜಾದೂ ಸಾಮಾನಿನ ದೊಡ್ಡ ಅಂಗಡಿಯಾಗಿ ಬೆಳೆಯಿತು. ಹೆಸರಿಗೆ ಬೆಲೆ ಇರುವುದರಿಂದ, ಚೆನ್ನಾಗಿ ಕಾಣುವ ಗೊಂಚಲಿಗೆಲ್ಲ ಯಾವುದಾದರೂ ದೊಡ್ಡ ಹೆಸರು ಅಂಟಿಸುವ ಆಸೆ ಮಾರುವವರಿಗೂ ಕೊಳ್ಳುವವರಿಗೂ ಇರುತ್ತದೆ. ಇದನ್ನು ಒಪ್ಪಬಾರದು. ಕಂಪನಿಯ ಹಳೆಯ ಕ್ಯಾಟಲಾಗಿನ ಚಿತ್ರ, ಮೂಲ ಪೆಟ್ಟಿಗೆ, ಬಿಲ್ಲು, ಅಥವಾ ಮೂಲ ಖಚಿತವಿರುವ ಇನ್ನೊಂದು ಹೂವಿನ ಜೊತೆ ಗಂಟಿನಿಂದ ಗಂಟಿಗೆ ಹೋಲಿಕೆ, ಇವುಗಳಲ್ಲಿ ಒಂದಾದರೂ ಇಲ್ಲದೆ ಹೆಸರು ಹೇಳುವುದು ಊಹೆ. ಕೊನೆಯದು ನಿಜಕ್ಕೂ ಉಪಯುಕ್ತ ಸಾಕ್ಷ್ಯ. ಮಾಲೆ ಕಟ್ಟುವವರ ಕೈಯನ್ನು ಗಂಟು ನೋಡಿ ಹೇಳಬಹುದಾದಂತೆ, ಗರಿ ಕಟ್ಟುವವರಿಗೂ ಎಷ್ಟು ಸುತ್ತು, ಯಾವ ದಿಕ್ಕು, ಒಂದು ಸಾಲಿಗೆ ಎಷ್ಟು ಗರಿ ಎಂಬ ಅಭ್ಯಾಸ ಇರುತ್ತದೆ. ಅದು ದಶಕಗಟ್ಟಲೆ ಬದಲಾಗದು.

ಮಾಡಿದವರ ನಂತರ ಬಳಸಿದವರ ಗುರುತು. ಗರಿಗಳ ಮೇಲಿನ ಮಡಿಕೆ ಗೆರೆ ಒಂದು ಬರಹ. ಎಲ್ಲ ಗರಿಗಳೂ ಸುತ್ತಲೂ ಸಮನಾಗಿ ಮೇಲಕ್ಕೆ ಬಾಗಿವೆಯೇ, ಒಂದೇ ಪಕ್ಕಕ್ಕೆ ಚಪ್ಪಟೆಯಾಗಿವೆಯೇ, ದಂಟಿನ ಬುಡದಲ್ಲಿ ಚೂಪು ಮೊನೆಯೂ ತೂಕವೂ ಇದ್ದು ಆ ಮೊನೆ ಸವೆದಿದೆಯೇ ಎಂಬುದರಿಂದ ಆ ಹೂ ಕುಂಡದಲ್ಲಿ ಬೆಳೆಯುವ ಗಿಡದ್ದೋ, ಬರಿಗೈಯಲ್ಲಿ ಕಾಣಿಸಿಕೊಳ್ಳುವ ಗೊಂಚಲಿನದ್ದೋ, ಎಸೆದಾಗ ವೇದಿಕೆಯ ಹಲಗೆಗೆ ನಾಟುವಂಥದ್ದೋ ಎಂದು ತಿಳಿಯುತ್ತದೆ. ಕಣ್ಣೆದುರೇ ಗಿಡ ಬೆಳೆಸುವ ಆಸೆ ನಮ್ಮ ಬೀದಿಯ ಗಾರುಡಿಗರ ಮಾವಿನ ಗಿಡದಿಂದ ಹಿಡಿದು ಕ್ಲೀವ್‌ಲ್ಯಾಂಡಿನ ಕಾರ್ಲ್ ಜರ್ಮೇನ್‌ನ ಗುಲಾಬಿ ಗಿಡದವರೆಗೆ ಎಲ್ಲ ಕಡೆಯೂ ಇದ್ದದ್ದೇ. ಆಯಾ ಆಟಕ್ಕೆ ಹೂವನ್ನು ಕಟ್ಟುವ ರೀತಿ ಬೇರೆ. ಗುಟ್ಟನ್ನು ಇಲ್ಲಿ ಬಿಚ್ಚಿಡುವ ಅಗತ್ಯವಿಲ್ಲ, ಬಲ್ಲವರಿಗೆ ಆ ಗೆರೆಗಳೇ ಸಾಕು. ಹಬೆ ಮೊದಲು ಅಳಿಸುವುದು ಈ ಗೆರೆಗಳನ್ನೇ. ಸೋಪುನೀರು ಅಳಿಸುವುದು ರಂಗದ ಧೂಳು, ಬೆರಳ ಗುರುತು, ಹಳೆಯ ಅಂಟಿನ ಚೂರುಗಳನ್ನು. ಆದ್ದರಿಂದ ಮೊದಲು ಫೋಟೋ, ಆಮೇಲೆ ಹಬೆ.

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಏಳುತ್ತದೆ. ಗರಿಹೂ ಮ್ಯೂಸಿಯಮ್ಮಿನ ವಸ್ತುವಲ್ಲ, ಆಟದ ಸಾಮಾನು. ಬಡಗಿಯ ಉಳಿಯಂತೆ ಬಳಸಿ ಸವೆಯುವುದೇ ಅದರ ಸಾರ್ಥಕತೆ. ಮುಂದಿನ ಶನಿವಾರ ಪ್ರದರ್ಶನ ಇರುವವರಿಗೆ ಮಡಿಕೆ ಗೆರೆಯ ಇತಿಹಾಸ ಕಟ್ಟಿಕೊಂಡು ಏನಾಗಬೇಕು ಎಂಬುದು ಆ ಆಕ್ಷೇಪ. ಇದರ ಅರ್ಧ ಸರಿ. ಆಟದ ಸಾಮಾನು ಆಡಲೇಬೇಕು, ಗಾಜಿನ ಪೆಟ್ಟಿಗೆಯಲ್ಲಿ ಅದು ಯಾರಿಗೂ ಬೆರಗು ಕೊಡದು. ಆದರೆ ಉಳಿಯನ್ನು ಮಸೆಯುವ ಬಡಗಿಗೂ ಅದು ಯಾವ ಉಕ್ಕು ಎಂದು ಗೊತ್ತಿರಬೇಕು. ಫೋಟೋ ತೆಗೆದು, ಹತ್ತಿಯ ಪರೀಕ್ಷೆ ಮಾಡಿ, ದಂಟು ನೋಡಿ ನಾಲ್ಕು ಸಾಲು ಬರೆದಿಡಲು ಬೇಕಾಗುವುದು ಅರ್ಧ ಗಂಟೆ. ಅದೇ ಅರ್ಧ ಗಂಟೆ ಪ್ರದರ್ಶನಕ್ಕೂ ಅನುಕೂಲ, ಏಕೆಂದರೆ ಬಣ್ಣ ಇಳಿಯುವ ಹೂ ಬೆವರಿದ ಅಂಗಿಯ ಮೇಲೆ ಮಾಡುವ ಕಲೆಯನ್ನು ವೇದಿಕೆಯಲ್ಲಿ ಮುಚ್ಚಲಾಗದು. ಹೊಸದು ಅಗ್ಗಕ್ಕೆ ಸಿಗುವಾಗ ಹಳೆಯದಕ್ಕೆ ಇಷ್ಟೇಕೆ ಎನ್ನುವವರೂ ಇದ್ದಾರೆ. ಹೊಸದನ್ನೇ ಪ್ರದರ್ಶನಕ್ಕೆ ಬಳಸಿ ಎಂಬುದೇ ನನ್ನ ಉತ್ತರ. ದಿಂಡು ಒಣಗಿ ಬಿರುಸಾದ ಹಳೆಯ ಹೂವನ್ನು ವಾರಕ್ಕೆ ಮೂರು ಸಲ ಒತ್ತುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಹಳೆಯದನ್ನು ಮಾದರಿಯಾಗಿ ಇಟ್ಟುಕೊಂಡರೆ ಹೊಸದನ್ನು ಕಟ್ಟಿಸುವಾಗ ಅದು ಗುರುವಿನಂತೆ ಒದಗುತ್ತದೆ.

ಇನ್ನು ಶತ್ರುಗಳ ವಿಷಯ. ನಮ್ಮ ನೆಲದಲ್ಲಿ, ಅದರಲ್ಲೂ ಮಲೆನಾಡು ಮತ್ತು ಕರಾವಳಿಯಲ್ಲಿ, ಇದು ಬಹಳ ಮುಖ್ಯ. ಬಟ್ಟೆನುಸಿಯ ಹುಳಕ್ಕೂ ಜಮಖಾನೆ ತಿನ್ನುವ ಪುಟ್ಟ ದುಂಬಿಯ ಮರಿಗೂ ಕೆರಾಟಿನ್ ಊಟ. ಹಾರಾಡುವ ನುಸಿ ಏನನ್ನೂ ತಿನ್ನುವುದಿಲ್ಲ, ತಿನ್ನುವುದು ಕತ್ತಲಲ್ಲಿ ಕೂತ ಅದರ ಹುಳ. ಗರಿಯ ಅಂಚು ಕತ್ತರಿಸಿದಂತೆ ಕಂಡರೆ, ಪೆಟ್ಟಿಗೆಯ ತಳದಲ್ಲಿ ಮರಳಿನಂಥ ಹಿಕ್ಕೆ ಅಥವಾ ರೇಷ್ಮೆಯ ಕೊಳವೆ ಕಂಡರೆ ಆ ಹೂವನ್ನು ಅಂದೇ ಬೇರ್ಪಡಿಸಿ. ನುಸಿಗುಳಿಗೆ ಹಾಕುವುದು ನಮ್ಮ ಮನೆಗಳ ಹಳೆಯ ಉಪಾಯ. ಅದರ ನ್ಯಾಫ್ತಲೀನನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿ ಸೇರಿಸಿದೆ, ಮುಖದ ಹತ್ತಿರ ಹಿಡಿದು ಆಡುವ ಸಾಮಾನಿಗೆ ಅದು ತಕ್ಕದ್ದಲ್ಲ. ಮ್ಯೂಸಿಯಮ್ಮುಗಳ ದಾರಿ ಚಳಿ. ಹೂವನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಾಳಿ ಹೊರಡಿಸಿ ಮುಚ್ಚಿ, ಮೈನಸ್ 18 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಮನೆಯ ಫ್ರೀಜರಿನಲ್ಲಿ ಎರಡು ವಾರ ಇಡಬೇಕು. ಹೊರತೆಗೆದ ಮೇಲೆ ಚೀಲ ಕೋಣೆಯ ಬಿಸಿಗೆ ಬರುವವರೆಗೆ, ಅಂದರೆ ಒಂದು ದಿನ, ತೆರೆಯಕೂಡದು. ಮೊದಲೇ ತೆರೆದರೆ ತಣ್ಣನೆಯ ಗರಿಯ ಮೇಲೆ ನೀರು ಕಟ್ಟುತ್ತದೆ. ಹೆಪ್ಪುಗಟ್ಟಿದ ಅಂಟು ಗಾಜಿನಂತೆ ಸಿಡಿಯುವುದರಿಂದ ಆ ಹೊತ್ತಿನಲ್ಲಿ ದಂಟನ್ನು ಬಾಗಿಸಲೂ ಬಾರದು.

ಬೂಷ್ಟಿಗೆ ಔಷಧಕ್ಕಿಂತ ತಡೆಯೇ ಮೇಲು. ಗಾಳಿಯ ತೇವಾಂಶ ನೂರಕ್ಕೆ 65 ದಾಟಿ ಹಾಗೆಯೇ ನಿಂತರೆ ಬೂಷ್ಟು ಬರುವ ಸಂಭವ ಹೆಚ್ಚುತ್ತಾ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನಲ್ಲೋ ಆಗುಂಬೆಯಲ್ಲೋ ಅದು ದಿನಗಟ್ಟಲೆ ಅದಕ್ಕಿಂತ ಮೇಲೇ ಇರುತ್ತದೆ. ಕಬ್ಬಿಣದ ತಂತಿಗೆ ತುಕ್ಕು ಹಿಡಿಯುವುದೂ ಆಗಲೇ. ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಅದನ್ನು ಆಗಾಗ ಬಿಸಿಮಾಡಿ ಒಣಗಿಸಿ ಮತ್ತೆ ಬಳಸಬಹುದು. ಡಬ್ಬದಲ್ಲಿ ಹೂಗಳು ಒಂದರ ಮೇಲೊಂದು ಕೂರದಂತೆ ದಂಟಿನಿಂದ ನೇತಾಡಲಿ. ಧೂಳಿಗೆ ಮೃದು ಕುಂಚ ಸಾಕು, ಬುಡದಿಂದ ತುದಿಯ ಕಡೆಗೆ ಮಾತ್ರ.

ಕೊನೆಯದಾಗಿ ಕಾನೂನು ಮತ್ತು ದಯೆಯ ಪ್ರಶ್ನೆ. ಹಕ್ಕಿಯ ಗರಿಯಿಂದ ಹೂ ಮಾಡುವುದೇ ಕ್ರೌರ್ಯವಲ್ಲವೇ ಎಂದು ಕೇಳುವವರಿಗೆ ಸುಳ್ಳು ಸಮಾಧಾನ ಹೇಳಬಾರದು. ಟೋಪಿಯ ಅಲಂಕಾರಕ್ಕಾಗಿ ಬೆಳ್ಳಕ್ಕಿಗಳನ್ನು ಲಕ್ಷಗಟ್ಟಲೆ ಕೊಂದ ಕಾಲ ಇತ್ತು; ಅದರ ವಿರುದ್ಧ ಎದ್ದ ಕೂಗಿನ ಫಲವಾಗಿಯೇ ಅಮೆರಿಕದಲ್ಲಿ 1918ರ ವಲಸೆ ಹಕ್ಕಿ ಕಾಯಿದೆ, ಬ್ರಿಟನ್ನಿನಲ್ಲಿ 1921ರ ಗರಿ ಆಮದು ನಿಷೇಧ ಬಂದವು. ಕೋಳಿ, ಹೆಬ್ಬಾತಿನ ಗರಿ ಮಾಂಸದ ಉದ್ಯಮದ ಉಪವಸ್ತು. ಅದು ಬೇಡವೆನ್ನುವವರು ಬಟ್ಟೆಯ ಹೂ ಬಳಸುವುದು ಗೌರವದ ನಿರ್ಧಾರವೇ. ಆದರೆ ಈಗಾಗಲೇ ಮಾಡಿ ಮುಗಿದ ಹಳೆಯ ಹೂವನ್ನು ಕಸಕ್ಕೆ ಎಸೆದರೆ ಯಾವ ಹಕ್ಕಿಗೂ ಲಾಭವಿಲ್ಲ. ಗುರುತಿಸುವಾಗ ಸಾಕುಹಕ್ಕಿಯದಲ್ಲದ ಗರಿ ಕಂಡರೆ ಮಾರಾಟದ ಮಾತು ಬಿಡಿ. ಭಾರತದಲ್ಲಿ ಕಾಡುಹಕ್ಕಿಗಳ ಗರಿಯ ವ್ಯಾಪಾರ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ತಾನಾಗಿ ಉದುರಿದ ನವಿಲುಗರಿಗೆ ದೇಶದೊಳಗೆ ವಿನಾಯಿತಿ ಇದೆ, ಹೊರದೇಶಕ್ಕೆ ಕಳಿಸುವಂತಿಲ್ಲ. ಪ್ರದರ್ಶನಕ್ಕೆ ವಿದೇಶಕ್ಕೆ ಹೋಗುವ ಜಾದೂಗಾರರು ಪೆಟ್ಟಿಗೆ ಕಟ್ಟುವ ಮುನ್ನ ಇದನ್ನು ನೆನಪಿಡಬೇಕು.

ಹಳೆಯ ಗರಿಹೂ ನಿಮ್ಮ ಕೈಗೆ ಬಂದರೆ, ದಯವಿಟ್ಟು ಮೊದಲ ದಿನ ಏನನ್ನೂ ಮಾಡಬೇಡಿ. ಹಗಲು ಬೆಳಕಿನಲ್ಲಿ ನಾಲ್ಕು ದಿಕ್ಕಿನಿಂದ ಫೋಟೋ ತೆಗೆಯಿರಿ. ಎಲ್ಲಿಂದ ಬಂತು, ಯಾರು ಬಳಸುತ್ತಿದ್ದರು ಎಂದು ಕೊಟ್ಟವರನ್ನೇ ಕೇಳಿ ಒಂದು ಚೀಟಿಯಲ್ಲಿ ಬರೆಯಿರಿ. ಉದುರಿದ ಎಳೆಗಳನ್ನು ಗುಡಿಸಿ ಎಸೆಯದೆ ಒಂದು ಲಕೋಟೆಗೆ ಹಾಕಿ, ಆ ಚೀಟಿಯ ಜೊತೆಗೇ ಇಡಿ.